ಮಣ್ಣಿನ ಕಣಕ್ಕೆ ಮನೆಯ ಕಾರು: ಆಟೋಕ್ರಾಸ್‌ಗೆ ಇಳಿಯುವ ಮುನ್ನ ತಿಳಿದಿರಬೇಕಾದದ್ದು

ಕೊಯ್ಲು ಮುಗಿದ ಗದ್ದೆಯಲ್ಲೋ, ಮುರಕಲ್ಲಿನ ಪಾರೆಯ ಮೇಲೋ, ಮನೆ ಸೈಟು ಮಾಡಲೆಂದು ಸಮತಟ್ಟು ಮಾಡಿ ಬಿಟ್ಟ ಜಾಗದಲ್ಲೋ ಜೆಸಿಬಿಯಿಂದ ಅಂಕುಡೊಂಕಾದ ಒಂದು ದಾರಿ ಕೆರೆದು, ಅಂಚಿಗೆ ಹಳೆಯ ಟಯರುಗಳನ್ನೂ ಮರಳಿನ ಚೀಲಗಳನ್ನೂ ಇಟ್ಟರೆ ಆಟೋಕ್ರಾಸ್ ಕಣ ಸಿದ್ಧವಾಯಿತು. ಒಂದು ಸಲಕ್ಕೆ ಒಂದೇ ಕಾರು ಓಡುತ್ತದೆ, ಕೆಲವೆಡೆ ಬೇರೆ ಬೇರೆ ಪಥಗಳಲ್ಲಿ ಎರಡು. ಯಾರೂ ಯಾರನ್ನೂ ಹಿಂದಿಕ್ಕಬೇಕಾಗಿಲ್ಲ. ಸುತ್ತು ಮುಗಿಸಲು ಯಾರಿಗೆ ಎಷ್ಟು ಸೆಕೆಂಡು ಹಿಡಿಯಿತು ಎಂಬುದಷ್ಟೇ ಲೆಕ್ಕ. ಪೈವಳಿಕೆಯ ಜೋಡುಕರೆ ಕಂಬಳ ನೋಡಿ ಬೆಳೆದವರಿಗೆ ಈ ಆಟ ತೀರಾ ಹೊಸತೆನಿಸಲಾರದು. ಕೋಣಗಳ ಬದಲು ಮಾರುತಿ, ಕೆಸರಿನ ಬದಲು ಕೆಂಧೂಳು, ಅಷ್ಟೇ.

ಮೋಟಾರು ಕ್ರೀಡೆಗಳಲ್ಲಿ ಕಡಿಮೆ ಖರ್ಚಿನಲ್ಲಿ ಆಡಬಹುದಾದದ್ದು ಇದೇ. ರ್‍ಯಾಲಿಗೆ ಇಳಿಯುವ ಬಹುಪಾಲು ಚಾಲಕರು ಮೊದಲು ಕೈ ಪಳಗಿಸಿಕೊಳ್ಳುವುದೂ ಇಲ್ಲಿಯೇ. ಕಾಸರಗೋಡಿನವರಿಗೆ ರ್‍ಯಾಲಿ ಎಂದ ಕೂಡಲೇ ನೆನಪಾಗುವ ಹೆಸರು ಮೊಗ್ರಾಲಿನ ಮೂಸಾ ಷರೀಫ್ ಅವರದು. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ದೆಹಲಿಯ ಗೌರವ್ ಗಿಲ್ ಅವರ ಪಕ್ಕದ ಸೀಟಿನಲ್ಲಿ ಕುಳಿತು ತಿರುವುಗಳನ್ನು ಓದಿ ಹೇಳಿದವರು ಅವರು. ಇಂಥ ಹೆಸರುಗಳಿಂದ ಹುರುಪು ಪಡೆದು ಹೊಸ ಹುಡುಗರು ಪ್ರತಿ ವರ್ಷವೂ ಕಣಕ್ಕೆ ಬರುತ್ತಾರೆ. ಆದರೆ ಅವರಲ್ಲಿ ಅನೇಕರು ಬರುವ ಮೊದಲೇ ಕಾರನ್ನು ಕೆಡಿಸಿಕೊಂಡಿರುತ್ತಾರೆ ಎಂಬುದು ಬೇಸರದ ಸಂಗತಿ.

ಕೆಡಿಸಿಕೊಳ್ಳುವ ಕ್ರಮವೂ ಹೆಚ್ಚುಕಡಿಮೆ ಒಂದೇ. ಯಾವುದೋ ವಿದೇಶಿ ವೀಡಿಯೋ ನೋಡಿ ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವುದು, ಗಟ್ಟಿಯಾದ ಶಾಕ್ ಹಾಕಿಸುವುದು, ಅಗಲದ ಟಯರು ತೊಡಿಸುವುದು. ನಲವತ್ತು ಐವತ್ತು ಸಾವಿರ ರೂಪಾಯಿ ಹೋಗುತ್ತದೆ, ಕಾರು ಮೊದಲಿಗಿಂತ ನಿಧಾನವಾಗುತ್ತದೆ. ಅದೇ ಕಾರು ಸೋಮವಾರ ಬೆಳಿಗ್ಗೆ ಮನೆಯವರನ್ನು ಕೂರಿಸಿಕೊಂಡು ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದದ್ದು. ಹಾಗಾಗಿ ಇದು ಬರೀ ಆಟದ ವಿಷಯವಲ್ಲ.

ಡಾಮರಿನ ಪಾಠ ಮಣ್ಣಿಗೆ ಹೊಂದುವುದಿಲ್ಲ

ಅಮೆರಿಕದಲ್ಲಿ ಆಟೋಕ್ರಾಸ್ ಎಂದರೆ ವಿಶಾಲವಾದ ಪಾರ್ಕಿಂಗ್ ಮೈದಾನವೋ ಹಳೆಯ ವಿಮಾನ ನಿಲ್ದಾಣವೋ ಆಗಿರುತ್ತದೆ. ನಯವಾದ ಡಾಮರು ಅಥವಾ ಕಾಂಕ್ರೀಟಿನ ಮೇಲೆ ಕಿತ್ತಳೆ ಬಣ್ಣದ ಕೋನುಗಳನ್ನು ಇಟ್ಟು ದಾರಿ ಮಾಡುತ್ತಾರೆ. ಒಂದು ಕೋನು ಬಿದ್ದರೆ ಎರಡು ಸೆಕೆಂಡು ದಂಡ. ಅಲ್ಲಿ ನೆಲದಲ್ಲಿ ಹೊಂಡವಿಲ್ಲ, ಆದ್ದರಿಂದ ಕಾರನ್ನು ತಗ್ಗಿಸಿದರೂ ಗಟ್ಟಿ ಮಾಡಿದರೂ ತೊಂದರೆ ಕಡಿಮೆ. ನಮ್ಮಲ್ಲಿ ಆಟೋಕ್ರಾಸ್ ಎಂದರೆ ಬಹುಮಟ್ಟಿಗೆ ಮಣ್ಣು. ಡಾಮರಿನ ಮೇಲೆ ಕೋನು ಇಟ್ಟು ನಡೆಸುವ ಆಟವೂ ಇದೆ, ಅದನ್ನು ಜಿಮ್ಖಾನಾ ಎನ್ನುವುದು ರೂಢಿ. ಹೆಸರು ಒಂದೇ ಆದುದರಿಂದ ಅಲ್ಲಿನ ಉಪದೇಶವನ್ನು ಇಲ್ಲಿ ಅನುಸರಿಸಿ ಎಡವುವವರೇ ಹೆಚ್ಚು.

ಮಣ್ಣಿನ ಕಣ ಬೆಳಿಗ್ಗೆ ಇದ್ದ ಹಾಗೆ ಸಂಜೆ ಇರುವುದಿಲ್ಲ. ಮೊದಲು ಓಡುವ ಕಾರುಗಳು ಮೇಲಿನ ಸಡಿಲ ಜಲ್ಲಿಯನ್ನು ಗುಡಿಸಿ ಬದಿಗೆ ತಳ್ಳುತ್ತವೆ. ನಡುವೆ ಓಡುವವರಿಗೆ ಗಟ್ಟಿ ನೆಲ ಸಿಗುತ್ತದೆ, ಅವರ ಅದೃಷ್ಟ. ಮಧ್ಯಾಹ್ನದ ಮೇಲೆ ತಿರುವುಗಳಲ್ಲಿ ಚಕ್ರದ ಗಾಡಿಜಾಡು ಬಿದ್ದು ಅಲ್ಲಲ್ಲಿ ಮುರಕಲ್ಲು ಎದ್ದು ಕಾಣತೊಡಗುತ್ತದೆ. ಧೂಳು ಅಡಗಿಸಲು ಟ್ಯಾಂಕರಿನಿಂದ ನೀರು ಬಿಟ್ಟ ಕೂಡಲೇ ಓಡಬೇಕಾದವನಿಗೆ ಹತ್ತು ನಿಮಿಷ ಎಣ್ಣೆ ಚೆಲ್ಲಿದಂಥ ಕೆಸರು. ಇಂಥ ನೆಲಕ್ಕೆ ಬೇಕಾದದ್ದು ಚಕ್ರ ನೆಲವನ್ನು ಬಿಡದೆ ಹಿಡಿದುಕೊಂಡಿರುವ ಕಾರು. ತಗ್ಗಿದ, ಕಲ್ಲಿನಂತೆ ಗಟ್ಟಿಯಾದ ಕಾರು ಜಾಡಿನ ಮೇಲೆ ಪುಟಿಯುತ್ತದೆ. ಪುಟಿದಷ್ಟು ಹೊತ್ತು ಟಯರು ಗಾಳಿಯಲ್ಲಿರುತ್ತದೆ, ಗಾಳಿಯಲ್ಲಿರುವ ಟಯರಿಗೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ.

ಭಾರ ಎಲ್ಲಿಗೆ ಹೋಗುತ್ತದೆ

ಸಸ್ಪೆನ್ಷನ್ ಎಂಬುದರ ಗುಟ್ಟನ್ನು ತಿಳಿಯಬೇಕಾದರೆ ಮೊದಲು ಭಾರದ ಲೆಕ್ಕ ತಿಳಿಯಬೇಕು. ಬಲಕ್ಕೆ ತಿರುಗಿದಾಗ ಕಾರಿನ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ, ಬ್ರೇಕ್ ಒತ್ತಿದಾಗ ಮುಂದಿನ ಚಕ್ರಗಳ ಮೇಲೆ, ಆಕ್ಸಿಲರೇಟರ್ ಒತ್ತಿದಾಗ ಹಿಂದಿನ ಚಕ್ರಗಳ ಮೇಲೆ. ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದ ಎಲ್ಲರಿಗೂ ಇದು ಗೊತ್ತು. ಎಷ್ಟು ಭಾರ ಎಂಬುದನ್ನೂ ಲೆಕ್ಕ ಹಾಕಬಹುದು. ಚಾಲಕ ಸೇರಿ 1000 ಕಿಲೋ ತೂಗುವ ಕಾರು, ಅದರ ಭಾರದ ಕೇಂದ್ರ ನೆಲದಿಂದ 50 ಸೆಂಟಿಮೀಟರ್ ಎತ್ತರ, ಎಡ ಬಲ ಚಕ್ರಗಳ ನಡುವಿನ ಅಂತರ 140 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮಣ್ಣಿನಲ್ಲಿ ಭೂಮಿಯ ಸೆಳೆತದ ಅರ್ಧದಷ್ಟು ಬಲದಲ್ಲಿ ಅದು ತಿರುಗಿದರೆ ಒಳಬದಿಯಿಂದ ಹೊರಬದಿಗೆ ಸುಮಾರು 180 ಕಿಲೋ ಭಾರ ವರ್ಗವಾಗುತ್ತದೆ. ಸ್ಪ್ರಿಂಗ್ ಎಷ್ಟೇ ಗಟ್ಟಿಯಾಗಿರಲಿ ಮೆದುವಾಗಿರಲಿ, ಒಟ್ಟು ಈ 180 ಕಿಲೋ ಬಹುಮಟ್ಟಿಗೆ ಅಷ್ಟೇ ಇರುತ್ತದೆ. ಕಾರು ಕಡಿಮೆ ವಾಲಿದರೆ ಭಾರವೂ ಕಡಿಮೆ ಹೋಯಿತು ಎಂದು ತಿಳಿಯುವುದು ತಪ್ಪು.

ಹಾಗಾದರೆ ಸ್ಪ್ರಿಂಗಿನ ಪಾತ್ರವೇನು? ಆ 180 ಕಿಲೋದಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಯಾವ ಕಡೆ ಗಟ್ಟಿಯೋ ಆ ಕಡೆಯ ಹೊರಚಕ್ರದ ಮೇಲೆ ಹೆಚ್ಚು ಪಾಲು. ಟಯರಿನ ಮೇಲೆ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ತುಸು ಕಡಿಮೆಯೇ ಆಗುತ್ತದೆ. ಹಾಗಾಗಿ ಒಂದೇ ಚಕ್ರದ ಮೇಲೆ ಹೊರೆ ಹೇರಿದಷ್ಟೂ ಆ ಜೋಡಿಯ ಒಟ್ಟು ಹಿಡಿತ ಕುಗ್ಗುತ್ತದೆ. ಮುಂಭಾಗ ಗಟ್ಟಿಯಾದರೆ ಮುಂದಿನ ಚಕ್ರಗಳು ಮೊದಲು ಜಾರುತ್ತವೆ, ಕಾರು ತಿರುವಿಗೆ ಬಗ್ಗದೆ ನೇರ ಹೋಗಲು ನೋಡುತ್ತದೆ. ಹಿಂಭಾಗ ಗಟ್ಟಿಯಾದರೆ ಬಾಲ ಬೀಸುತ್ತದೆ. ಇದಿಷ್ಟು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ನಮ್ಮ ಸಣ್ಣ ಕಾರುಗಳೆಲ್ಲ ಮುಂದಿನ ಚಕ್ರದಿಂದ ಎಳೆಯುವಂಥವು. ಎಂಜಿನ್, ಗೇರ್ ಬಾಕ್ಸ್ ಎರಡೂ ಮುಂದೆಯೇ ಇರುವುದರಿಂದ ಹತ್ತರಲ್ಲಿ ಆರು ಪಾಲು ಭಾರ ಅಲ್ಲಿಯೇ. ಎಳೆಯುವುದು, ತಿರುಗಿಸುವುದು, ಹೆಚ್ಚಿನ ಬ್ರೇಕು, ಮೂರೂ ಕೆಲಸ ಆ ಎರಡು ಟಯರುಗಳದ್ದು. ಆದುದರಿಂದ ಇವುಗಳಿಗೆ ಮುಂಭಾಗ ತುಸು ಮೆದು, ಹಿಂಭಾಗ ತುಸು ಗಟ್ಟಿ ಎಂಬುದು ಅನುಭವಿಗಳ ದಾರಿ. ತಿರುವಿನಲ್ಲಿ ಒಳಬದಿಯ ಹಿಂದಿನ ಚಕ್ರ ನಾಯಿ ಕಾಲೆತ್ತಿದಂತೆ ಮೇಲೆ ಎದ್ದರೆ ನೋಡುವವರಿಗೆ ಭಯವಾಗುತ್ತದೆ. ಅದರಿಂದ ಕೆಡುಕೇನೂ ಇಲ್ಲ.

ಮೊದಲ ಸುಧಾರಣೆ ಪಂಕ್ಚರ್ ಅಂಗಡಿಯಲ್ಲಿ

ಹಣ ಖರ್ಚು ಮಾಡದೆ ಕಾರಿನ ನಡತೆ ಬದಲಿಸುವ ಉಪಾಯವೆಂದರೆ ಟಯರಿನ ಗಾಳಿ. ಕಂಪೆನಿ 30 ಪೌಂಡು ಎಂದು ಹೇಳಿದ್ದರೆ ಡಾಮರಿನ ಜಿಮ್ಖಾನಾಕ್ಕೆ ಮುಂದೆ ನಾಲ್ಕಾರು ಪೌಂಡು ಹೆಚ್ಚಿಸುತ್ತಾರೆ, ಇಲ್ಲದಿದ್ದರೆ ಟಯರಿನ ಪಕ್ಕ ಮಡಚಿಕೊಂಡು ಅದರ ಮೇಲೆಯೇ ಕಾರು ಓಡುತ್ತದೆ. ಪಕ್ಕದ ಅಂಚಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಒಂದು ಸುತ್ತು ಹೋಗಿ ಬಂದರೆ ಎಲ್ಲಿಯ ತನಕ ಗೆರೆ ಅಳಿದಿದೆ ಎಂದು ನೋಡಬಹುದು. ಮಣ್ಣಿನಲ್ಲಿ ಇದಕ್ಕೆ ವಿರುದ್ಧ, ಎರಡು ಮೂರು ಪೌಂಡು ಇಳಿಸಿದರೆ ಟಯರು ನೆಲಕ್ಕೆ ಹೊಂದಿಕೊಂಡು ಕೂರುತ್ತದೆ. ಹೆಚ್ಚು ಇಳಿಸಬಾರದು. ಇಪ್ಪತ್ತಕ್ಕಿಂತ ಕೆಳಗೆ ಹೋದರೆ ಅಡ್ಡ ಜಾರುವಾಗ ಟ್ಯೂಬ್‌ಲೆಸ್ ಟಯರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವುಂಟು. ಕಾರು ತಿರುಗಲು ಒಪ್ಪುತ್ತಿಲ್ಲವೇ? ಹಿಂದಿನ ಟಯರುಗಳಿಗೆ ಮೂರು ಪೌಂಡು ಹೆಚ್ಚು ಹಾಕಿ ನೋಡಿ. ಹಿಂದಿನ ಹಿಡಿತ ಸ್ವಲ್ಪ ಕಡಿಮೆಯಾಗಿ ಮೂತಿ ತಿರುಗತೊಡಗುತ್ತದೆ. ಗಾಳಿಯ ಮೀಟರು ಸ್ವಂತದ್ದೇ ಇರಲಿ, ಪೆಟ್ರೋಲ್ ಬಂಕಿನ ಮೀಟರುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಎರಡನೆಯದು ಶಾಕ್. ಸ್ಪ್ರಿಂಗು ಕಾರು ಎಷ್ಟು ವಾಲಬೇಕೆಂದು ಹೇಳುತ್ತದೆ, ಶಾಕು ಎಷ್ಟು ಬೇಗ ವಾಲಬೇಕೆಂದು ಹೇಳುತ್ತದೆ. ಆಟೋಕ್ರಾಸಿನ ಕಣದಲ್ಲಿ ಕಾರು ಎಡಕ್ಕೆ ವಾಲಿ ನಿಲ್ಲುವ ಮೊದಲೇ ಬಲಕ್ಕೆ ತಿರುಗಬೇಕಾಗುತ್ತದೆ. ಒಂದು ನಿಮಿಷದ ಓಟದಲ್ಲಿ ಅದು ಸಮಾಧಾನವಾಗಿ ನಿಲ್ಲುವ ಗಳಿಗೆಯೇ ಇಲ್ಲ. ಆದುದರಿಂದ ಇಲ್ಲಿ ಶಾಕಿನ ಸ್ಥಿತಿ ಸ್ಪ್ರಿಂಗಿಗಿಂತಲೂ ಮುಖ್ಯ. ಲಕ್ಷ ಕಿಲೋಮೀಟರ್ ಓಡಿದ ಕಾರಿಗೆ ಹಳೆಯ ಶಾಕನ್ನೇ ಇಟ್ಟುಕೊಂಡು ಬೇರೇನು ಮಾಡಿದರೂ ವ್ಯರ್ಥ. ಕಾರಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಟ್ಟರೆ ಒಮ್ಮೆ ಮೇಲೆ ಬಂದು ನಿಲ್ಲಬೇಕು. ಎರಡು ಮೂರು ಸಲ ತೂಗಾಡಿದರೆ, ಅಥವಾ ಶಾಕಿನ ಮೈಮೇಲೆ ಎಣ್ಣೆ ಒಸರಿ ಧೂಳು ಅಂಟಿದ್ದರೆ ಅದರ ಕೆಲಸ ಮುಗಿಯಿತೆಂದೇ ಅರ್ಥ. ಕಂಪೆನಿಯ ಹೊಸ ಶಾಕು, ಹೊಸ ಲೋವರ್ ಆರ್ಮ್ ಬುಷ್ಷು, ಹೊಸ ಬಾಲ್ ಜಾಯಿಂಟು, ಇವಿಷ್ಟನ್ನು ಹಾಕಿದ ಹಳೆಯ ಕಾರು ದುಬಾರಿ ಸಾಮಾನು ಹಾಕಿದ ಸವೆದ ಕಾರಿಗಿಂತ ಚೆನ್ನಾಗಿ ಓಡುತ್ತದೆ.

ಸ್ಪ್ರಿಂಗ್ ಕತ್ತರಿಸುವ ಚಾಳಿ

ಇದರ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು. ಸುರುಳಿ ಸ್ಪ್ರಿಂಗಿನ ಗಟ್ಟಿತನ ಅದರಲ್ಲಿ ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಆರು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಉಳಿದ ಐದು ಸುತ್ತಿನ ಸ್ಪ್ರಿಂಗು ಮೊದಲಿಗಿಂತ ನೂರಕ್ಕೆ ಇಪ್ಪತ್ತು ಗಟ್ಟಿ. ಕೇಳಲು ಲಾಭದಂತೆಯೇ ಇದೆ. ಆದರೆ ಸ್ಪ್ರಿಂಗು ಗಿಡ್ಡವಾದುದರಿಂದ ಚಕ್ರ ಪೂರ್ತಿ ಕೆಳಗೆ ಇಳಿದಾಗ, ಅಂದರೆ ಕಾರು ದಿಬ್ಬ ಹಾರಿದಾಗಲೋ ಜಾಕಿ ಹಾಕಿದಾಗಲೋ, ಅದು ತನ್ನ ಬಟ್ಟಲಿನಲ್ಲಿ ಸಡಿಲವಾಗುತ್ತದೆ. ಕೆಳಗೆ ಇಳಿಯುವಾಗ ಸರಿಯಾದ ಜಾಗದಲ್ಲಿ ಕೂರದಿದ್ದರೆ ಹೊರಗೆ ಜಿಗಿದು ಟಯರನ್ನೇ ಕೊಯ್ಯಬಹುದು. ಗ್ಯಾಸ್ ಕಟ್ಟರ್‌ನಿಂದ ಕತ್ತರಿಸಿದ್ದಾದರೆ ಕಾಯಿಸಿದ ಕಡೆ ಉಕ್ಕಿನ ಹದ ಹೋಗಿ ಅಲ್ಲಿಯೇ ಮುರಿಯುತ್ತದೆ. ತಗ್ಗಿದ ಕಾರಿಗೆ ಕೆಳಗೆ ಚಲಿಸಲು ಜಾಗ ಉಳಿಯದೆ ಶಾಕಿನ ರಬ್ಬರ್ ತಡೆಗೆ ಬಡಿಯುತ್ತದೆ. ಬಡಿದ ಕ್ಷಣದಲ್ಲಿ ಆ ಮೂಲೆ ಸ್ಪ್ರಿಂಗೇ ಇಲ್ಲದಷ್ಟು ಗಟ್ಟಿಯಾಗಿ ಟಯರು ಒಮ್ಮೆಲೇ ಜಾರುತ್ತದೆ. ತಿರುವಿನ ಮಧ್ಯದಲ್ಲಿ ಕಾರಣವಿಲ್ಲದೆ ಕಾರು ಕೈಕೊಟ್ಟಿತು ಎಂದು ಹೇಳುವವರ ಕಥೆಗಳಲ್ಲಿ ಹಲವಕ್ಕೆ ಇದೇ ಕಾರಣ.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಇದರ ಲೋವರ್ ಆರ್ಮ್ ಕಾರಿನ ಒಳಗಡೆಯಿಂದ ಚಕ್ರದ ಕಡೆಗೆ ತುಸು ಇಳಿಜಾರಾಗಿ ಇರುವಂತೆ ಕಂಪೆನಿಯವರು ಮಾಡಿರುತ್ತಾರೆ. ಕಾರನ್ನು ತಗ್ಗಿಸಿದಂತೆ ಈ ಆರ್ಮ್ ಸಮತಟ್ಟಾಗುತ್ತದೆ, ಇನ್ನೂ ತಗ್ಗಿಸಿದರೆ ಮೇಲ್ಮುಖವಾಗುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಆಗ ಕಾರಿನ ಭಾರಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದುದರಿಂದ ತಗ್ಗಿಸಿದ ಕಾರು ವಾಲಲು ಮೊದಲಿಗಿಂತ ಹೆಚ್ಚು ಹವಣಿಸುತ್ತದೆ. ವಾಲಿದಾಗ ಹೊರಚಕ್ರದ ಮೇಲ್ಭಾಗ ಹೊರಕ್ಕೆ ಬಾಗಿ ಟಯರು ಅಂಚಿನ ಮೇಲೆ ನಿಲ್ಲುತ್ತದೆ. ಎರಡು ಇಂಚು ತಗ್ಗಿಸಿ ಸುಂದರವಾಗಿ ಕಾಣುವ ಕಾರು ಕಣದಲ್ಲಿ ಏಕೆ ಸೋಲುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಮಣ್ಣಿಗೆ ಕಂಪೆನಿಯ ಎತ್ತರವೇ ಸಾಕು, ಬೇಕಾದರೆ ತುಸು ಹೆಚ್ಚೇ ಇರಲಿ. ಎಂಜಿನ್ನಿನ ಆಯಿಲ್ ಸಂಪಿನ ಕೆಳಗೆ ದಪ್ಪ ತಗಡಿನ ರಕ್ಷಣೆ ಮಾತ್ರ ಕಡ್ಡಾಯ ಎನ್ನಬೇಕು. ಮುರಕಲ್ಲಿನ ಒಂದು ಮೂಲೆ ಸಂಪಿಗೆ ತಗಲಿದರೆ ಅಲ್ಲಿಗೆ ಎಂಜಿನ್ನೂ ಮುಗಿಯಿತು.

ಮಾರುತಿ 800 ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. 2014ರಲ್ಲಿ ತಯಾರಿಕೆ ನಿಂತರೂ ಹಗುರವಾದ ಈ ಕಾರಿಗೆ ಮಣ್ಣಿನ ಕಣದಲ್ಲಿ ಇಂದಿಗೂ ಮರ್ಯಾದೆಯಿದೆ. ಮುಂಭಾಗ ಮೆದುವಾಗಲೆಂದು ಸ್ಟೆಬಿಲೈಸರ್ ಬಾರ್ ಕಳಚಿಡಬಹುದು ಎಂಬ ಸಲಹೆ ಬೇರೆ ಕಾರುಗಳಿಗೆ ಸರಿಯಿರಬಹುದು, 800ಕ್ಕೆ ಖಂಡಿತ ಸಲ್ಲದು. ಇದರಲ್ಲಿ ಲೋವರ್ ಆರ್ಮನ್ನು ಹಿಂದೆ ಮುಂದೆ ಹೋಗದಂತೆ ಹಿಡಿದಿಡುವುದೇ ಆ ಬಾರ್. ಅದನ್ನು ತೆಗೆದು ಬ್ರೇಕ್ ಒತ್ತಿದರೆ ಚಕ್ರ ಹಿಂದಕ್ಕೆ ಸರಿದು ಬಾಡಿಗೆ ತಗಲುತ್ತದೆ. ಆ ಬಾರಿನ ಬುಷ್ಷುಗಳನ್ನು ಹೊಸದು ಮಾಡಿದರೆ ಸಾಕು, ಸ್ಟೇರಿಂಗು ಹೊಸ ಕಾರಿನಂತಾಗುತ್ತದೆ.

ಎಸ್ಟೀಮ್ ಕಾರಿಗೆ ಮುಂದೆ ಹಿಂದೆ ನಾಲ್ಕೂ ಚಕ್ರಕ್ಕೆ ಬಿಡಿ ಬಿಡಿ ಸ್ಟ್ರಟ್ ಇದ್ದುದರಿಂದ ಅದು ಬಹಳ ಕಾಲ ರ್‍ಯಾಲಿಯವರ ಮೆಚ್ಚಿನದಾಗಿತ್ತು. 2005ರ ನಂತರ ಬಂದ ಸ್ವಿಫ್ಟಿಗೆ ಹಿಂದೆ ಒಂದೇ ತೊಲೆ, ಅಲ್ಲಿ ಹೊಂದಿಸಲು ಹೆಚ್ಚೇನೂ ಇಲ್ಲ, ಕೆಡುವುದೂ ಕಡಿಮೆ. ಜಿಪ್ಸಿಗೆ ಸುತ್ತಲೂ ಪಟ್ಟಿ ಸ್ಪ್ರಿಂಗು. ಹೊಂಡದಲ್ಲಿ ಅದಕ್ಕೆ ಸಾಟಿಯಿಲ್ಲ, ಎತ್ತರವಾದುದರಿಂದ ಮಗುಚುವ ಭಯವುಂಟು. ನಾಲ್ಕೂ ಚಕ್ರದ ಲಿವರ್ ಹಾಕಿ ಓಡಿಸಿದವರು ಡಾಮರು ರಸ್ತೆಗೆ ಬರುವ ಮುನ್ನ ಮರೆಯದೆ ಎರಡು ಚಕ್ರಕ್ಕೆ ಹಾಕಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಮುಂದಿನ ಹಿಂದಿನ ಆಕ್ಸಲುಗಳು ಒಂದಕ್ಕೊಂದು ಜಗಳಾಡಿ ಗೇರುಗಳ ಮೇಲೆ ಭಾರ ಬೀಳುತ್ತದೆ.

ವೀಲ್ ಅಲೈನ್‌ಮೆಂಟಿನಲ್ಲಿ ಮುಂದಿನ ಎರಡು ಚಕ್ರಗಳು ಕೂದಲೆಳೆಯಷ್ಟು, ಅಂದರೆ ಒಂದೆರಡು ಮಿಲಿಮೀಟರ್, ಹೊರಕ್ಕೆ ನೋಡುವಂತೆ ಮಾಡಿದರೆ ಕಾರು ತಿರುವಿಗೆ ಚುರುಕಾಗಿ ಬಗ್ಗುತ್ತದೆ. ಹೆದ್ದಾರಿಯಲ್ಲಿ ಅದೇ ಕಾರು ನೇರ ಹೋಗಲು ಒಪ್ಪದೆ ಅಲೆದಾಡುತ್ತದೆ, ಟಯರಿನ ಒಳ ಅಂಚು ಬೇಗ ಸವೆಯುತ್ತದೆ. ದಿನನಿತ್ಯ ಓಡುವ ಕಾರಾದರೆ ಸೊನ್ನೆಗೆ ಇಡಿಸಿಕೊಳ್ಳುವುದು ಒಳ್ಳೆಯದು.

ನೂರು ಮೀಟರಿನ ಲೆಕ್ಕ

ಈಗ ಓಡಿಸುವ ಮಾತು. ಕಣದ ಬಳಿ ನಿಂತು ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಎಂಜಿನ್ ಕಿರುಚುತ್ತ, ಬಾಲ ಬೀಸುತ್ತ, ಧೂಳಿನ ಮೋಡ ಎಬ್ಬಿಸಿ ಬಂದ ಕಾರಿಗೆ ಜನ ಚಪ್ಪಾಳೆ ತಟ್ಟುತ್ತಾರೆ. ಗಡಿಯಾರ ನೋಡಿದರೆ ಸದ್ದಿಲ್ಲದೆ ಬಂದು ಹೋದ ಕಾರು ಎರಡು ಸೆಕೆಂಡು ಮುಂದಿರುತ್ತದೆ. ಅಡ್ಡ ಜಾರುವ ಚಕ್ರ ಕಾರನ್ನು ಮುಂದಕ್ಕೆ ಎಳೆಯುವುದಿಲ್ಲ, ಮಣ್ಣನ್ನಷ್ಟೇ ಎಸೆಯುತ್ತದೆ.

ನೂರು ಮೀಟರಿನ ನೇರ ದಾರಿಯೊಂದರ ಮೊದಲಿನ ತಿರುವನ್ನು ಇಬ್ಬರು ದಾಟುತ್ತಾರೆ ಎನ್ನಿ. ಒಬ್ಬ ರಭಸದಿಂದ ಒಳನುಗ್ಗಿ, ಜಾರಿ, ಸಾವರಿಸಿಕೊಂಡು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೊರಬರುತ್ತಾನೆ. ಇನ್ನೊಬ್ಬ ಮೊದಲೇ ನಿಧಾನಿಸಿ, ಮೂತಿ ಸರಿಮಾಡಿಕೊಂಡು, 45ರಲ್ಲಿ ಹೊರಬರುತ್ತಾನೆ. ಇಬ್ಬರ ಕಾರೂ ಸೆಕೆಂಡಿಗೆ ಎರಡು ಮೀಟರಿನಷ್ಟು ವೇಗ ಹೆಚ್ಚಿಸಿಕೊಳ್ಳುವುದಾದರೆ ಮೊದಲನೆಯವನಿಗೆ ಆ ನೂರು ಮೀಟರಿಗೆ 5.88 ಸೆಕೆಂಡು, ಎರಡನೆಯವನಿಗೆ 5.54. ಒಂದು ನೇರ ದಾರಿಯಲ್ಲಿ ಮೂರನೆಯ ಒಂದು ಸೆಕೆಂಡು. ಕಣದಲ್ಲಿ ಇಂಥ ನಾಲ್ಕು ಇದ್ದರೆ ಲೆಕ್ಕ ಓದುಗರೇ ಹಾಕಿಕೊಳ್ಳಬಹುದು. ಇಷ್ಟನ್ನು ಯಾವ ಸ್ಪ್ರಿಂಗೂ ಕೊಡುವುದಿಲ್ಲ.

ತಿರುವನ್ನು ಅಗಲವಾಗಿ ಬಳಸುವುದೂ ಹಾಗೆಯೇ. ಹದಿನೈದು ಮೀಟರ್ ತ್ರಿಜ್ಯದ ತಿರುವಿನಲ್ಲಿ ಮೊದಲು ಹೇಳಿದ ಅರ್ಧ ಸೆಳೆತದ ಹಿಡಿತಕ್ಕೆ ಗರಿಷ್ಠ ವೇಗ 31 ಕಿಲೋಮೀಟರ್. ಹೊರ ಅಂಚಿನಿಂದ ಬಂದು, ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಹೋದರೆ ಅದೇ ತಿರುವು ಇಪ್ಪತ್ತು ಮೀಟರ್ ತ್ರಿಜ್ಯದ್ದಾಗುತ್ತದೆ, ವೇಗ 36ಕ್ಕೆ ಹತ್ತಿರ. ಮಣ್ಣಿನಲ್ಲಿ ಇದಕ್ಕೊಂದು ತಿದ್ದುಪಡಿ ಬೇಕು. ಹೊರ ಅಂಚಿನಲ್ಲಿ ಸಡಿಲ ಜಲ್ಲಿ ರಾಶಿಬಿದ್ದಿದ್ದರೆ ಪುಸ್ತಕದ ದಾರಿಗಿಂತ ಗುಡಿಸಿದ ದಾರಿಯೇ ಮೇಲು.

ಹೊಸಬರ ಅತಿ ಸಾಮಾನ್ಯ ತಪ್ಪು ಹೀಗಿರುತ್ತದೆ. ಕಾರು ತಿರುಗುತ್ತಿಲ್ಲ ಎಂದಾಗ ಸ್ಟೇರಿಂಗನ್ನು ಇನ್ನಷ್ಟು ತಿರುವುತ್ತಾರೆ. ಆಗಲೇ ಜಾರುತ್ತಿರುವ ಮುಂದಿನ ಟಯರುಗಳು ಮತ್ತಷ್ಟು ಅಡ್ಡಲಾಗಿ ನೇಗಿಲಿನಂತೆ ಮಣ್ಣು ಉಳುತ್ತವೆ. ಮಾಡಬೇಕಾದದ್ದು ಇದರ ವಿರುದ್ಧ: ಆಕ್ಸಿಲರೇಟರಿನಿಂದ ಕಾಲು ತುಸು ಎತ್ತಿ, ಸ್ಟೇರಿಂಗನ್ನು ತುಸು ನೇರ ಮಾಡಿ, ಅರೆ ಗಳಿಗೆ ಕಾಯುವುದು. ಭಾರ ಮುಂದಕ್ಕೆ ಬರುತ್ತದೆ, ಟಯರು ಹಿಡಿಯುತ್ತದೆ, ಮೂತಿ ತಿರುಗುತ್ತದೆ. ಕಾಲನ್ನು ಒಮ್ಮೆಲೇ ಪೂರ್ತಿ ತೆಗೆದರೆ ಹಿಂಭಾಗ ಹಗುರಾಗಿ ಬಾಲ ಬೀಸುತ್ತದೆ. ಪಳಗಿದವರು ಬೇಕೆಂದೇ ಇದನ್ನು ಬಳಸುತ್ತಾರೆ. ಬಲಗಾಲು ಆಕ್ಸಿಲರೇಟರಿನ ಮೇಲೆ ಇಟ್ಟುಕೊಂಡೇ ಎಡಗಾಲಿನಿಂದ ಬ್ರೇಕನ್ನು ಮೆಲ್ಲನೆ ಮುಟ್ಟಿ ಭಾರವನ್ನು ಮುಂದೆ ತರುವುದು ಮುಂದಿನ ಹಂತದ ವಿದ್ಯೆ. ಕ್ಲಚ್ ತುಳಿದು ಅಭ್ಯಾಸವಾದ ಎಡಗಾಲಿಗೆ ನಯ ಬರಲು ತಿಂಗಳುಗಳೇ ಬೇಕು, ಖಾಲಿ ಮೈದಾನದಲ್ಲಿ ಕಲಿಯಬೇಕಾದದ್ದು.

ಹ್ಯಾಂಡ್‌ಬ್ರೇಕ್ ತಿರುವು ಎಲ್ಲರಿಗೂ ಇಷ್ಟ, ಬೇಕಾಗುವುದು ಮಾತ್ರ ಕಣದಲ್ಲಿ ಒಂದೋ ಎರಡೋ ಕಡೆ, ಟಯರಿನ ರಾಶಿಯನ್ನು ಪೂರ್ತಿ ಸುತ್ತಬೇಕಾದಲ್ಲಿ. ಸ್ಟೇರಿಂಗು ತಿರುಗಿಸಿ, ಕ್ಲಚ್ ತುಳಿದು, ಲಿವರಿನ ಗುಂಡಿ ಒತ್ತಿ ಹಿಡಿದುಕೊಂಡೇ ಎಳೆದು ಬಿಡಬೇಕು. ಗುಂಡಿ ಒತ್ತದಿದ್ದರೆ ಲಿವರ್ ಮೇಲೆಯೇ ಸಿಕ್ಕಿಕೊಂಡು ಕಾರು ಅಲ್ಲೇ ನಿಲ್ಲುತ್ತದೆ.

ಬ್ರೇಕಿನ ವಿಷಯದಲ್ಲಿ ಮಣ್ಣಿನ ನ್ಯಾಯ ಬೇರೆ. ಸಡಿಲ ಜಲ್ಲಿಯಲ್ಲಿ ಚಕ್ರ ನಿಂತು ಜಾರಿದರೆ ಅದರ ಮುಂದೆ ಮಣ್ಣು ಗುಡ್ಡೆಯಾಗಿ ತಡೆ ಒಡ್ಡುತ್ತದೆ. ಎಬಿಎಸ್ ಇರುವ ಕಾರು ಚಕ್ರವನ್ನು ನಿಲ್ಲಲು ಬಿಡದ ಕಾರಣ ಇಲ್ಲಿ ಹೆಚ್ಚು ದೂರ ಹೋಗುತ್ತದೆ. ಅದಕ್ಕೆಂದು ಫ್ಯೂಸ್ ಕೀಳುವವರಿದ್ದಾರೆ. ಹಾಗೆ ಕಿತ್ತರೆ ಹಿಂದಿನ ಚಕ್ರಗಳ ಬ್ರೇಕನ್ನು ಹದದಲ್ಲಿಡುವ ವ್ಯವಸ್ಥೆಯೂ ಅದರೊಂದಿಗೆ ಹೋಗಬಹುದು, ಆ ಫ್ಯೂಸ್ ಮರಳಿ ಹಾಕಲು ಮರೆತು ಮಳೆಯಲ್ಲಿ ಹೆದ್ದಾರಿಗೆ ಹೋದರೆ ಆಗುವುದೇನು ಎಂದು ಯೋಚಿಸಬೇಕು. ಮೊದಲ ಒಂದೆರಡು ವರ್ಷ ಅದನ್ನು ಮುಟ್ಟದಿರುವುದೇ ಸರಿ, ಬದಲಿಗೆ ಹತ್ತು ಮೀಟರ್ ಮೊದಲೇ ಬ್ರೇಕ್ ಒತ್ತಬಹುದು.

ಕಣವನ್ನು ನಡೆದು ನೋಡಲು ಅವಕಾಶ ಕೊಡುತ್ತಾರೆ. ಗೆಳೆಯರೊಂದಿಗೆ ಹರಟುತ್ತ ನಡೆದರೆ ಪ್ರಯೋಜನವಿಲ್ಲ. ಮೊದಲ ಸಲ ದಾರಿ ಗುರುತು, ಎರಡನೆಯ ಸಲ ಎಲ್ಲಿ ಬ್ರೇಕು ಎಂಬುದು, ಮೂರನೆಯ ಸಲ ನೆಲದಲ್ಲಿ ಏನಿದೆ ಎಂಬುದು. ಸಾಧ್ಯವಾದರೆ ಕುಕ್ಕರುಗಾಲಲ್ಲಿ ಕುಳಿತು ನೋಡಬೇಕು, ಚಾಲಕನ ಕಣ್ಣಿಗೆ ಕಾಣುವುದು ಆ ಎತ್ತರದಿಂದಲೇ. ಕಣ್ಣು ಮುಚ್ಚಿ ಇಡೀ ಸುತ್ತನ್ನು ಮನಸ್ಸಿನಲ್ಲಿ ಓಡಿಸಲು ಬಂದರೆ ಕಣ ಬಾಯಿಪಾಠವಾಯಿತು. ಓಡುವಾಗ ಕಣ್ಣು ಎದುರಿನ ಕೋನಿನ ಮೇಲಲ್ಲ, ಅದರ ಮುಂದಿನದರ ಮೇಲೆ ಇರಬೇಕು. ಯಾವುದನ್ನು ದಿಟ್ಟಿಸುತ್ತೇವೋ ಅದಕ್ಕೇ ಹೋಗಿ ಗುದ್ದುತ್ತೇವೆ, ಸೈಕಲ್ ಕಲಿಯುವಾಗ ಎಲ್ಲರಿಗೂ ಆದದ್ದೇ.

ಬದಲಾವಣೆಗಳನ್ನು ಒಂದೊಂದಾಗಿ ಮಾಡಿ, ಪ್ರತಿಸಲದ ಸಮಯವನ್ನು ನೋಟ್‌ಪುಸ್ತಕದಲ್ಲಿ ಬರೆದಿಡಬೇಕು. ಗಾಳಿ, ಶಾಕು, ಅಲೈನ್‌ಮೆಂಟು ಮೂರನ್ನೂ ಒಂದೇ ದಿನ ಬದಲಿಸಿದವನಿಗೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ. ಇನ್ನೊಂದು ಕಹಿ ಔಷಧವೂ ಇದೆ. ಅಭ್ಯಾಸದ ದಿನ ತನಗಿಂತ ಒಳ್ಳೆಯ ಚಾಲಕನೊಬ್ಬನಿಗೆ ಕೀಲಿಕೈ ಕೊಟ್ಟು ಅದೇ ಕಾರನ್ನು ಓಡಿಸಲು ಹೇಳುವುದು. ಅವನು ಮೂರು ಸೆಕೆಂಡು ಬೇಗ ಬಂದರೆ ಹಣ ಹಾಕಬೇಕಾದದ್ದು ಕಾರಿಗಲ್ಲ ಎಂದು ತಿಳಿಯುತ್ತದೆ.

ಕಾನೂನು, ವಿಮೆ, ಸೋಮವಾರ

ಕಾನೂನಿನ ವಿಷಯ ಚುಟುಕಾಗಿ. ಕೇರಳ ಹೈಕೋರ್ಟಿನಿಂದ ಮೇಲ್ಮನವಿಯಾಗಿ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕಂಪೆನಿ ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಹೇಳಿತು. ಕಣಕ್ಕೆಂದು ತಗ್ಗಿಸಿದ ಕಾರನ್ನು ರಸ್ತೆಯಲ್ಲಿ ಓಡಿಸಿ ಸಿಕ್ಕಿಬಿದ್ದರೆ ಹೇಳಿಕೊಳ್ಳಲು ಏನೂ ಇರುವುದಿಲ್ಲ. ಖಾಸಗಿ ಕಾರಿನ ಸಾಮಾನ್ಯ ವಿಮೆ ಸ್ಪರ್ಧೆಯಲ್ಲಿ ಆದ ಹಾನಿಗೆ ಅನ್ವಯಿಸುವುದಿಲ್ಲ, ಪಾಲಿಸಿಯ ಹಿಂದಿನ ಸಣ್ಣಕ್ಷರಗಳಲ್ಲಿ ಇದು ಇರುತ್ತದೆ. ರಸ್ತೆಯಲ್ಲಿ ರೇಸ್ ನಡೆಸುವುದಕ್ಕೆ 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೆ ಮೂರು ತಿಂಗಳ ತನಕ ಸಜೆ ಅಥವಾ 5000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ದೇಶದ ಮೋಟಾರು ಕ್ರೀಡಾ ಒಕ್ಕೂಟದ ಮಾನ್ಯತೆ ಪಡೆದ ಸ್ಪರ್ಧೆಗಳಿಗೆ ಒಕ್ಕೂಟದ ಲೈಸೆನ್ಸ್ ಬೇಕು. ಅಲ್ಲಿ ಹೆಲ್ಮೆಟ್ಟು, ಸೀಟ್ ಬೆಲ್ಟು ನೋಡಿಯೇ ಬಿಡುತ್ತಾರೆ, ಆಂಬ್ಯುಲೆನ್ಸು ನಿಂತಿರುತ್ತದೆ. ಊರಿನವರೇ ಸೇರಿ ಗದ್ದೆಯಲ್ಲಿ ನಡೆಸುವ ಓಟಗಳಲ್ಲಿ ಇವು ಇವೆಯೇ ಎಂದು ಹೆಸರು ಕೊಡುವ ಮುನ್ನ ಕೇಳಿಕೊಳ್ಳಬೇಕು. ಜನ ಎಲ್ಲಿ ನಿಂತಿದ್ದಾರೆ ಎಂಬುದನ್ನೂ ನೋಡಬೇಕು. ತಿರುವಿನ ಹೊರಬದಿಯಲ್ಲಿ ಮಕ್ಕಳು ನಿಂತಿರುವ ಕಣದಲ್ಲಿ ಓಡದೆ ಹಿಂದೆ ಬಂದವನಿಗೆ ಯಾವ ಅವಮಾನವೂ ಇಲ್ಲ.

ಓಟಕ್ಕೆ ಮುನ್ನ ಡಿಕ್ಕಿಯಲ್ಲಿರುವ ಸ್ಟೆಪ್ನಿ, ಜಾಕಿ, ಸೀಟಿನಡಿಯ ನೀರಿನ ಬಾಟಲಿ, ಕಾಲಡಿಯ ಮ್ಯಾಟು ಎಲ್ಲವನ್ನೂ ತೆಗೆದಿಡಬೇಕು. ಮ್ಯಾಟು ಸರಿದು ಪೆಡಲಿನ ಕೆಳಗೆ ಸಿಕ್ಕಿಕೊಳ್ಳುವುದುಂಟು. ಸೀಟನ್ನು, ಭುಜ ಹಿಂದಕ್ಕೆ ಒರಗಿರುವಾಗಲೇ ಮಣಿಕಟ್ಟು ಸ್ಟೇರಿಂಗಿನ ನೆತ್ತಿಗೆ ಮುಟ್ಟುವಷ್ಟು ಮುಂದಕ್ಕೆ ತರಬೇಕು.

ಮುಗಿದ ಮೇಲೆ ಗಾಳಿ ಮೊದಲಿನಷ್ಟು ತುಂಬಿಸಿ, ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ಕಾರಿನಡಿ ತೂರಿ ಬ್ರೇಕಿನ ಹೋಸುಗಳನ್ನೂ ಡ್ರೈವ್ ಶಾಫ್ಟಿನ ರಬ್ಬರ್ ಬೂಟುಗಳನ್ನೂ ನೋಡಬೇಕು. ಬೂಟು ಹರಿದು ಧೂಳು ಒಳಹೋದರೆ ಜಾಯಿಂಟು ಕೆಲವೇ ವಾರಗಳಲ್ಲಿ ಕಟಕಟ ಎನ್ನತೊಡಗುತ್ತದೆ. ಚಕ್ರದ ರಿಮ್ಮಿನ ಒಳಭಾಗದಲ್ಲಿ ಅಂಟಿದ ಕೆಂಪು ಕೆಸರನ್ನು ಒಣಗುವ ಮೊದಲೇ ತೊಳೆಯದಿದ್ದರೆ ಮರುದಿನ ಹೆದ್ದಾರಿಯಲ್ಲಿ ಎಂಬತ್ತರ ವೇಗಕ್ಕೆ ಸ್ಟೇರಿಂಗು ನಡುಗುತ್ತದೆ, ಸಸ್ಪೆನ್ಷನ್ ಹಾಳಾಯಿತೆಂದು ಹೆದರಿ ಗ್ಯಾರೇಜಿಗೆ ಓಡುವವರು ಮೊದಲು ಅಲ್ಲಿ ಕೈಹಾಕಿ ನೋಡಲಿ.